ಹಸು ನೀರು ಕುಡಿಯದ ಬೇಸಿಗೆ

ಅಕ್ಕನ ಮನೆಯಲ್ಲಿ ಮೊದಲು ಕೈಕೊಟ್ಟದ್ದು ಟಿವಿಯ ಸೆಟ್‌ಟಾಪ್ ಬಾಕ್ಸ್. ಧಾರಾವಾಹಿ ನಡೆಯುತ್ತಿದ್ದ ಹಾಗೆಯೇ ಪರದೆ ಕಪ್ಪಾಗಿ, ಬಾಕ್ಸಿನ ದೀಪ ಆರಿ, ಮತ್ತೆ ತಾನೇ ಹತ್ತಿಕೊಂಡು ಮೊದಲಿನಿಂದ ಶುರುವಾಗುತ್ತಿತ್ತಂತೆ. ಅವಳು ಫೋನ್ ಮಾಡಿ ಹೇಳಿದಾಗ ನಾನು ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಗೋಡೆಯ ಸ್ವಿಚ್ ಆಫ್ ಮಾಡು, ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡು, ಹಿಂದಿನ ವೈರುಗಳನ್ನೆಲ್ಲ ಒಮ್ಮೆ ಬಿಗಿಯಾಗಿ ಒತ್ತು, ಆಮೇಲೆ ಹಾಕು. ಹಾಗೇ ಮಾಡಿದಳು. ಸರಿಹೋಯಿತು ಅಂದಳು.

ನಾನಿರುವುದು ನಂಜನಗೂಡಿನಲ್ಲಿ. ಡಿಪ್ಲೊಮಾ ಮುಗಿಸಿ ಪಕ್ಕದ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಸೇರಿದವಳು ಅಲ್ಲೇ ಉಳಿದಿದ್ದೇನೆ. ಯುಪಿಎಸ್‌ಗಳನ್ನು ಪೆಟ್ಟಿಗೆಗೆ ತುಂಬುವ ಮುನ್ನ ಮೀಟರಿಗೆ ಜೋಡಿಸಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಇದರಿಂದಾಗಿ ನೆಂಟರ ನಡುವೆ ನನಗೊಂದು ಹೆಸರು ಬಂದುಬಿಟ್ಟಿದೆ. ಯಾರ ಮನೆಯಲ್ಲಿ ರಿಮೋಟ್ ಸತ್ತರೂ, ವಾಷಿಂಗ್ ಮಷೀನ್ ನೀರು ಬಿಡದೆ ನಿಂತರೂ, ಇಸ್ತ್ರಿಪೆಟ್ಟಿಗೆ ಕಾಯದಿದ್ದರೂ ನನಗೆ ಫೋನು. ಹೆಚ್ಚಿನವು ಫೋನಿನಲ್ಲೇ ಮುಗಿಯುತ್ತವೆ. ಕೆಟ್ಟಿರುವುದು ಯಂತ್ರವಲ್ಲ, ಪ್ಲಗ್ ಸಡಿಲವಾಗಿರುತ್ತದೆ, ಇಲ್ಲವೇ ಜಾಲರಿಗೆ ದೂಳು ಕಟ್ಟಿರುತ್ತದೆ. ಮದುವೆ ಮನೆಗಳಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗಲೂ ಯಾರಾದರೂ ಬಂದು ತಮ್ಮ ಮಿಕ್ಸಿಯ ಸಮಾಚಾರ ಹೇಳುತ್ತಾರೆ.

ಅಕ್ಕನನ್ನು ಕೊಟ್ಟಿರುವುದು ಸೋಸಲೆಗೆ. ಊರಿನ ಅಂಚಿನಲ್ಲಿ ಮನೆ, ಹಿಂದಕ್ಕೆ ಅಂಟಿಕೊಂಡಂತೆ ಕೊಟ್ಟಿಗೆ, ಅದರಾಚೆ ಗದ್ದೆ. ಭಾವ ಭತ್ತ ಬೆಳೆಯುತ್ತಾರೆ, ಡೇರಿಗೆ ಹಾಲು ಹಾಕುತ್ತಾರೆ. ಆಗ ಕೊಟ್ಟಿಗೆಯಲ್ಲಿದ್ದವು ಎರಡು: ವಯಸ್ಸಾದ ಒಂದು ನಾಟಿ ಹಸು, ಮತ್ತೆ ಹಾಲು ಕರೆಯುತ್ತಿದ್ದ ಕಪ್ಪು ಬಿಳುಪಿನ ಒಂದು ಸೀಮೆಹಸು. ಮನೆಯಲ್ಲಿ ಮೂರೇ ಜನ, ಅಕ್ಕ, ಭಾವ, ಭಾವನ ತಾಯಿ. ನಾನು ಆಕೆಯನ್ನು ಅತ್ತಮ್ಮ ಎಂದೇ ಕರೆಯುವುದು. ಸೀಮೆಹಸುವನ್ನು ಸಾಕಿದ್ದು ಅತ್ತಮ್ಮನೇ. ಕರುವಾಗಿದ್ದಾಗಲೇ ತಂದು, ಕೈಯಲ್ಲಿ ಬೂಸಾ ತಿನ್ನಿಸಿ ಬೆಳೆಸಿದ್ದರು.

ಸೆಟ್‌ಟಾಪ್ ಬಾಕ್ಸ್ ಆದ ಮೇಲೆ ಬಲ್ಬುಗಳ ಸರದಿ. ನಡುಮನೆಯ ಎಲ್‌ಇಡಿ ಬಲ್ಬು ಕಣ್ಣು ಮಿಟುಕಿಸಿದ ಹಾಗೆ ಮಾಡಲು ಶುರುಮಾಡಿತು. ಹೊಸದನ್ನು ತಂದು ಹಾಕಿದರು, ಅದೂ ಹಾಗೇ ಮಾಡಿತು. ಹೋಲ್ಡರ್ ಸಡಿಲವಿರಬಹುದು, ಬದಲಾಯಿಸಿ ನೋಡಿ ಎಂದೆ. ಬದಲಾಯಿಸಿದರು. ಕೆಲವು ದಿನ ಸುಮ್ಮನಿತ್ತು. ಅಷ್ಟರಲ್ಲಿ ಮಿಕ್ಸಿ ನಿಂತಿತು. ಬುಡದಲ್ಲಿ ಒಂದು ಕೆಂಪು ಗುಂಡಿ ಇದೆ, ಹೊರೆ ಹೆಚ್ಚಾದಾಗ ಅದು ಹೊರಗೆ ಹಾರುತ್ತದೆ, ಮಗುಚಿ ಹಾಕಿ ಅದನ್ನು ಒತ್ತು ಎಂದು ಹೇಳಿಕೊಟ್ಟೆ. ಒತ್ತಿದಳು, ತಿರುಗಿತು. ಆದರೆ ಬೆಳಿಗ್ಗೆ ಚಟ್ನಿ ರುಬ್ಬುವಾಗ ನೆಟ್ಟಗೆ ತಿರುಗುವುದು ಮಧ್ಯಾಹ್ನ ಮಸಾಲೆ ರುಬ್ಬುವಾಗ ನರಳುತ್ತದೆ ಎಂದಳು. ಮಸಾಲೆ ಗಟ್ಟಿ ಇರಬೇಕು, ನೀರು ಹಾಕಿಕೊ ಎಂದೆ.

ಆಮೇಲೆ ಫ್ರಿಜ್ಜು. ಟಕ್ ಎಂದು ಶಬ್ದ ಮಾಡಿ ಗುಂಯ್ ಎನ್ನುತ್ತದೆ, ಸ್ವಲ್ಪ ಹೊತ್ತಿಗೆ ಟಕ್ ಎಂದು ನಿಲ್ಲುತ್ತದೆ, ತಣ್ಣಗೆ ಮಾತ್ರ ಆಗುವುದಿಲ್ಲ. ಹಾಲು ಒಡೆಯಿತು. ವೋಲ್ಟೇಜ್ ಕಡಿಮೆ ಇರುವ ಲಕ್ಷಣ ಇದು. ಬೇಸಿಗೆಯಲ್ಲಿ ಹಳ್ಳಿಗಳ ಕಡೆ ಅದು ಇದ್ದದ್ದೇ ಎಂದುಕೊಂಡು ಸ್ಟೆಬಿಲೈಸರ್ ಹಾಕಿಸಲು ಹೇಳಿದೆ. ಭಾವ ನರಸೀಪುರಕ್ಕೆ ಹೋಗಿ ತಂದರು. ಆ ಸ್ಟೆಬಿಲೈಸರ್ ದಿನವಿಡೀ ಟಕಟಕ ಎನ್ನುತ್ತಾ ಕೂತಿತು. ಮನೆಯೊಳಗೆ ಯಾರೋ ಚಿಟಿಕೆ ಹೊಡೆಯುತ್ತಿರುವ ಹಾಗಾಗುತ್ತದೆ, ಒಬ್ಬಳೇ ಇದ್ದಾಗ ಎದೆ ಝಲ್ಲೆನ್ನುತ್ತದೆ ಎಂದಳು ಅಕ್ಕ.

ಒಂದು ರಜೆಯ ದಿನ ಮಧ್ಯಾಹ್ನ ಅವಳಿಂದ ಫೋನು ಬಂತು. ಎತ್ತಿದರೆ ಯಾರೂ ಮಾತಾಡಲಿಲ್ಲ. ಅಕ್ಕಾ ಅಕ್ಕಾ ಎಂದು ಕರೆದೆ. ಆ ಕಡೆಯಿಂದ ಸ್ಟೆಬಿಲೈಸರಿನ ಟಕಟಕ ಕೇಳುತ್ತಿತ್ತು. ದೂರದಲ್ಲಿ ಹಸುವಿನ ಸರಪಳಿ ಎಳೆದಾಡುವ ಸದ್ದು, ಅದು ಕಾಲು ಝಾಡಿಸುವ ಸದ್ದು. ಆಮೇಲೆ ಫೋನು ತಾನೇ ಕಟ್ಟಾಯಿತು. ಮತ್ತೆ ಬಂತು. ಮತ್ತೆ ಅದೇ ಸದ್ದುಗಳು, ಮನುಷ್ಯರ ದನಿ ಇಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಭಾವನ ಫೋನಿಗೆ ಮಾಡಿದರೆ ಅವರು ಗದ್ದೆಯಲ್ಲಿದ್ದರು, ಮನೆಗೆ ಓಡಿ ಹೋಗಿ ನೋಡಿ ತಿರುಗಿ ಮಾಡಿದರು. ಏನೂ ಆಗಿರಲಿಲ್ಲ. ಅಕ್ಕ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಫೋನನ್ನು ಚಾರ್ಜಿಗೆ ಹಾಕಿ ಹೋಗಿದ್ದಳು. ಚಾರ್ಜಿಗೆ ಹಾಕಿದರೆ ಸಾಕು, ಪರದೆಯ ಮೇಲೆ ಯಾರೋ ಬೆರಳಾಡಿಸಿದ ಹಾಗೆ ಅದು ತಾನೇ ಏನೇನೋ ತೆರೆಯುತ್ತದೆ, ತಾನೇ ಯಾರಿಗೋ ಫೋನು ಹಚ್ಚುತ್ತದೆ ಎಂದು ಆಮೇಲೆ ಹೇಳಿದಳು.

ಕಳಪೆ ಚಾರ್ಜರ್ ಹಾಕಿದರೆ ಪರದೆ ಹಾಗೆ ಮಾಡುವುದುಂಟು. ನಾನು ಬೇರೆ ಚಾರ್ಜರ್ ಬಳಸಲು ಹೇಳಿದೆ. ಆದರೆ ಫೋನಿನಲ್ಲಿ ಕೇಳಿದ ಆ ಸರಪಳಿಯ ಸದ್ದು ಮನಸ್ಸಿನಿಂದ ಹೋಗಲಿಲ್ಲ. ಹಸು ಯಾಕೆ ಹಾಗೆ ಒದ್ದಾಡುತ್ತಿತ್ತು ಎಂದು ಕೇಳಿದೆ. ಆಗ ಅಕ್ಕ ಅಷ್ಟು ದಿನ ಹೇಳದ ಇನ್ನೊಂದು ಸಂಗತಿ ಹೇಳಿದಳು. ಸೀಮೆಹಸು ಕೊಟ್ಟಿಗೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿತ್ತು. ತೊಟ್ಟಿಯ ಹತ್ತಿರ ಹೋಗುತ್ತದೆ, ಮೂಗು ತಾಗಿಸುತ್ತದೆ, ಹಿಂದಕ್ಕೆ ನೆಗೆಯುತ್ತದೆ. ಹಾಲು ಇಳಿದುಹೋಗಿತ್ತು. ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋಗಿದ್ದರು, ಜ್ವರವಿಲ್ಲ, ಬಾಯಿ ಗೊರಸುಗಳಲ್ಲಿ ಹುಣ್ಣಿಲ್ಲ, ಏನೆಂದು ತಿಳಿಯುತ್ತಿಲ್ಲ ಅಂದಿದ್ದರು. ಅತ್ತಮ್ಮ ಕೊಟ್ಟಿಗೆಯ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ಯಾರೋ ಏನೋ ಮಾಡಿಸಿದ್ದಾರೆ, ಮೊದಲು ಮನೆಯ ಸಾಮಾನಿಗೆ ಹಿಡಿಯಿತು, ಈಗ ದನಕ್ಕೆ ಬಂದಿದೆ, ನಾಳೆ ಮನುಷ್ಯರಿಗೆ ಬರುತ್ತದೆ ಎಂದು ಅಳುತ್ತಿದ್ದರಂತೆ. ಅವರಿಗೂ ಬಚ್ಚಲಿನ ನಲ್ಲಿ ಮುಟ್ಟಿದರೆ ಇರುವೆ ಕಚ್ಚಿದ ಹಾಗಾಗುತ್ತಿತ್ತು. ವಯಸ್ಸಿಗೆ ನರ ಸೋತಿವೆ ಎಂದುಕೊಂಡು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನಲ್ಲಿಯ ಮಾತು ಕೇಳಿದ ಕೂಡಲೇ ಅದನ್ನು ಅಕ್ಕನಿಂದ ಮತ್ತೊಮ್ಮೆ ಹೇಳಿಸಿದೆ. ಅಲ್ಲಿಯವರೆಗೂ ನಾನು ಒಂದೊಂದು ಸಾಮಾನಿಗೂ ಒಂದೊಂದು ಕಾರಣ ಹುಡುಕುತ್ತಿದ್ದೆ. ನಲ್ಲಿ ಯಂತ್ರವಲ್ಲ, ಅದಕ್ಕೆ ಪ್ಲಗ್ ಇಲ್ಲ. ನಾನು ಬರುವವರೆಗೆ ಯಾರೂ ಬರಿಗಾಲಲ್ಲಿ ಬಚ್ಚಲಿಗೆ ಹೋಗಬೇಡಿ, ಗೀಸರ್ ಹಾಕಬೇಡಿ ಎಂದು ಹೇಳಿ, ಬರುವ ಭಾನುವಾರವೇ ಹೊರಟೆ.

ನಂಜನಗೂಡಿನಿಂದ ನರಸೀಪುರಕ್ಕೆ ಬಸ್ಸು, ಅಲ್ಲಿಂದ ಸೋಸಲೆಗೆ ಇನ್ನೊಂದು. ಚೀಲದಲ್ಲಿ ಟೆಸ್ಟರು, ಮೀಟರು, ಸ್ಕ್ರೂಡ್ರೈವರು. ಬಿಸಿಲು ಆಗಲೇ ಏರಿತ್ತು, ಹೊಳೆಯಲ್ಲಿ ಬಂಡೆಗಳು ಕಾಣುತ್ತಿದ್ದವು. ಮನೆ ಮುಟ್ಟಿದಾಗ ಅಕ್ಕ ನನಗಾಗಿ ಕಾಯಿ ರುಬ್ಬುತ್ತಿದ್ದಳು. ಮಿಕ್ಸಿ ಶುರುವಾದಾಗಲೆಲ್ಲ ಅಡುಗೆಮನೆಯ ಹಳೇ ಕಾಲದ ತಂತಿಯ ಬಲ್ಬು ಕೆಂಪಗಾಗಿ ಕುಗ್ಗುತ್ತಿತ್ತು, ನಿಂತರೆ ಬೆಳ್ಳಗಾಗುತ್ತಿತ್ತು. ಅವರಿಗೆ ಅದು ರೂಢಿಯಾಗಿತ್ತು, ಯಾರೂ ತಲೆಯೆತ್ತಿ ನೋಡಲಿಲ್ಲ.

ನಾನು ಮೊದಲು ಹಸುವನ್ನು ನೋಡುತ್ತೇನೆ ಅಂದೆ. ಕೊಟ್ಟಿಗೆಯ ಒಂದು ಬದಿಗೆ ಸಿಮೆಂಟಿನ ತೊಟ್ಟಿ, ಅದಕ್ಕೆ ಮೇಲಿನ ಟ್ಯಾಂಕಿನಿಂದ ಕಬ್ಬಿಣದ ಪೈಪಿನಲ್ಲಿ ನೀರು. ತೊಟ್ಟಿಯ ಅಂಚಿನಲ್ಲೇ ಕಬ್ಬಿಣದ ಬಳೆ, ಅದಕ್ಕೆ ಸರಪಳಿ, ಸರಪಳಿಗೆ ಹಸು. ನಾಟಿ ಹಸುವನ್ನು ಆಚೆ ಬದಿಯ ಮರದ ಗೂಟಕ್ಕೆ ಹಗ್ಗದಲ್ಲಿ ಕಟ್ಟಿ, ಬಕೆಟ್ಟಿನಲ್ಲೇ ನೀರು ಕೊಡುತ್ತಿದ್ದರು. ಸೀಮೆಹಸು ಪಕ್ಕೆಲುಬು ಎಣಿಸುವ ಹಾಗೆ ಸೊರಗಿತ್ತು. ಅತ್ತಮ್ಮ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ಹಿಡಿದು ಅಂಗಳದ ಬೇವಿನ ಮರದಡಿ ಇಟ್ಟು, ಹಸುವನ್ನು ಬಿಚ್ಚಿಕೊಂಡು ಬಂದರು. ಬಕೆಟ್ಟಿಗೆ ಬಾಯಿ ಹಾಕಿ ಒಂದೇ ಉಸಿರಿಗೆ ಹೀರಿಬಿಟ್ಟಿತು.

"ಇಲ್ಲಿ ಕುಡೀತದೆ ಕಣ್ ಮಗ," ಎಂದರು ಅತ್ತಮ್ಮ. "ಕೊಟ್ಗೆ ಒಳುಕ್ಕೆ ಓದ್ರೆ ಮಾತ್ರ ಯಾವ್ದೋ ಅದುನ್ನ ಎದರಿಸ್ತದೆ."

ಮತ್ತೆ ಕೊಟ್ಟಿಗೆಗೆ ಕಟ್ಟಲು ಹೇಳಿ ನಾನು ಗೋಡೆಗೆ ಒರಗಿ ನೋಡುತ್ತಾ ನಿಂತೆ. ಹಸುವಿಗೆ ಇನ್ನೂ ಬಾಯಾರಿಕೆ ಇತ್ತು. ತೊಟ್ಟಿಯತ್ತ ಕತ್ತು ಚಾಚಿತು. ತುಟಿ ನೀರಿನ ಹತ್ತಿರ ಬಂತು. ಅಷ್ಟರಲ್ಲಿ ಗೋಡೆಯ ಆಚೆ, ಅಡುಗೆಮನೆಯಲ್ಲಿ, ಫ್ರಿಜ್ಜು ಟಕ್ ಎಂದು ಗುಂಯ್ ಎನ್ನಲು ಶುರುಮಾಡಿತು. ಹಸು ತಲೆ ಎತ್ತಿ ಹಿಂದಕ್ಕೆ ನೆಗೆಯಿತು. ಸರಪಳಿ ಬಿಗಿಯಾಯಿತು. ಅದರ ಕಣ್ಣುಗಳು ಬಿಳಿಯಾಗಿ ಅಗಲಿದ್ದವು. ಫ್ರಿಜ್ಜು ನಿಂತ ಮೇಲೆ ಮತ್ತೆ ಮುಂದಕ್ಕೆ ಬಂತು. ಶುರುವಾದಾಗ ಮತ್ತೆ ನೆಗೆಯಿತು.

ಅಕ್ಕ ನನ್ನ ಪಕ್ಕ ಬಂದು ನಿಂತಿದ್ದಳು. ಅವಳಿಗೂ ಕಂಡಿತು.

ಮೀಟರಿನ ಒಂದು ಕಡ್ಡಿಯನ್ನು ತೊಟ್ಟಿಯ ನೀರಿಗೆ ಇಳಿಬಿಟ್ಟು, ಇನ್ನೊಂದನ್ನು ಹಸು ನಿಲ್ಲುವ ಒದ್ದೆ ನೆಲಕ್ಕೆ ಚುಚ್ಚಿದೆ. ಸೊನ್ನೆ ಇರಬೇಕಾದಲ್ಲಿ ಮೂವತ್ತು ವೋಲ್ಟಿನ ಆಸುಪಾಸಿನಲ್ಲಿ ಅಂಕಿ ಕುಣಿಯುತ್ತಿತ್ತು. ಅಕ್ಕನಿಗೆ ಮಿಕ್ಸಿ ಹಾಕಲು ಹೇಳಿದೆ. ಅಂಕಿ ಮೇಲೇರಿತು. ಚಪ್ಪಲಿ ಹಾಕಿರುವ ನಮಗೆ ಅದು ತಿಳಿಯುವುದಿಲ್ಲ. ನಾಲ್ಕು ಕಾಲು ಒದ್ದೆ ನೆಲದಲ್ಲಿ ಊರಿ, ಒದ್ದೆ ಮೂತಿಯನ್ನು ನೀರಿಗಿಡುವ ದನಕ್ಕೆ ತಿಳಿಯುತ್ತದೆ. ಬರಿಗಾಲಿನಲ್ಲಿ ಬಚ್ಚಲಿಗೆ ಹೋಗುವ ಮುದುಕಿಗೂ ತಿಳಿಯುತ್ತದೆ.

ಆಗ ಅಕ್ಕ ಕೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಈವತ್ತು ಪೈಪ್‌ಗೆ ನೀರ್ ಉಯ್ಯದಾ ಬ್ಯಾಡ್ವಾ?"

ಯಾವ ಪೈಪು ಎಂದೆ. ಕೊಟ್ಟಿಗೆಯ ಗೋಡೆಯ ಬುಡದಲ್ಲಿ ನೆಲದೊಳಗೆ ಇಳಿದಿದ್ದ ಒಂದು ಕಬ್ಬಿಣದ ಪೈಪನ್ನು ತೋರಿಸಿದಳು. ಅದು ಮನೆಯ ಅರ್ಥಿಂಗ್. ಅದರ ಸುತ್ತ ಮಣ್ಣು ಕೆಸರಾಗಿತ್ತು. ದಿನಾ ಎರಡು ಕೊಡ ನೀರು ಹಾಕುತ್ತೇನೆ, ಹಾಕಿದ ದಿನ ಟಿವಿ ಚೆನ್ನಾಗಿ ಬರುತ್ತದೆ, ಮಿಕ್ಸಿ ಸರಾಗ ತಿರುಗುತ್ತದೆ, ಹಾಕದಿದ್ದರೆ ಎಲ್ಲ ಕೈಕೊಡುತ್ತವೆ ಎಂದಳು. ಬೆಳಿಗ್ಗೆ ಎದ್ದು, ಬರಿಗಾಲಲ್ಲಿ, ಅಂಗಳ ತೊಳೆದ ಮೇಲೆ ಇದೊಂದು ಕೆಲಸ ಮಾಡಿಕೊಂಡೇ ಒಳಗೆ ಹೋಗುತ್ತಿದ್ದಳು. ಆವತ್ತು ಮಾತ್ರ ನನ್ನನ್ನು ಕೇಳಿ ಹಾಕೋಣವೆಂದು ಬಿಟ್ಟಿದ್ದಳು. ಹಾಗೆ ಮಾಡಲು ಹೇಳಿದ್ದು ಹಿಂದೊಮ್ಮೆ ದೀಪ ಸರಿಮಾಡಿ ಹೋದ ವೈರ್‌ಮನ್ನು.

ಭಾವ ಗದ್ದೆಯಿಂದ ಬಂದ ಮೇಲೆ ಮೇನ್ ಸ್ವಿಚ್ ಇಳಿಸಿ, ಬೋರ್ಡಿನ ಮುಚ್ಚಳ ತೆಗೆದೆವು. ಒಳಗೆ ಕಪ್ಪು ವೈರನ್ನೂ ಹಸಿರು ವೈರನ್ನೂ ಸೇರಿಸಿ ಹುರಿ ಮಾಡಿ, ಮೇಲೆ ಟೇಪು ಸುತ್ತಿದ್ದರು. ಸೋರಿಕೆ ಕಂಡರೆ ತಾನೇ ಬೀಳುವ ಟ್ರಿಪ್ ಸ್ವಿಚ್ಚನ್ನು ಬಿಡಿಸಿ, ಸುಮ್ಮನೆ ಮೂಲೆಯಲ್ಲಿ ತೂಗುಬಿಟ್ಟಿದ್ದರು. ನಾನು ಅವರಿಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಕರೆಂಟು ಕಂಬದಿಂದ ಒಂದು ವೈರಿನಲ್ಲಿ ಬರುತ್ತದೆ, ಕೆಲಸ ಮುಗಿಸಿ ಇನ್ನೊಂದರಲ್ಲಿ ವಾಪಸು ಹೋಗಬೇಕು. ಆ ವಾಪಸು ಹೋಗುವ ಕಪ್ಪು ವೈರು ಕಂಬದ ಕಡೆ ಎಲ್ಲೋ ಹೆಚ್ಚುಕಡಿಮೆ ಕಿತ್ತುಹೋಗಿದೆ. ಹಸಿರು ವೈರು ಇರುವುದು ಬೇರೆ ಕೆಲಸಕ್ಕೆ, ಫ್ರಿಜ್ಜಿನ ಮೈ, ಗೀಸರಿನ ಮೈ, ನಲ್ಲಿ, ತೊಟ್ಟಿಯ ಪೈಪು ಇವೆಲ್ಲ ಅದಕ್ಕೆ ಅಂಟಿಕೊಂಡಿವೆ. ಎರಡನ್ನೂ ಸೇರಿಸಿದ್ದರಿಂದ ಇಡೀ ಮನೆಯ ಕರೆಂಟು ಈಗ ಆ ಪೈಪಿನ ಮೂಲಕ ಕೊಟ್ಟಿಗೆಯ ಮಣ್ಣಿಗೆ ಇಳಿಯುತ್ತಿದೆ. ಬೇಸಿಗೆಗೆ ಮಣ್ಣು ಒಣಗಿದಷ್ಟೂ ಅದಕ್ಕೆ ಇಳಿಯಲು ದಾರಿ ಸಾಲದೆ, ಮುಟ್ಟುವ ಕಬ್ಬಿಣದಲ್ಲೆಲ್ಲ ನಿಲ್ಲುತ್ತಿದೆ.

ಭಾವನಿಗೆ ಆಗ ನೆನಪಾಯಿತು. ಹಿಂದಿನ ಮಳೆಗಾಲದ ಕೊನೆಯಲ್ಲಿ ಗಾಳಿ ಎದ್ದು ಸುತ್ತಮುತ್ತ ಕಂಬಗಳೇ ಉರುಳಿದ್ದವು. ಕರೆಂಟು ಮರಳಿದ ಮೇಲೂ ಇವರ ಮನೆಯಲ್ಲಿ ದೀಪ ಮಂಕಾಗಿ ಉರಿಯುತ್ತಿತ್ತು. ಕರೆಂಟ್ ಆಫೀಸಿನ ಲೈನ್‌ಮನ್‌ಗಳೆಲ್ಲ ದೊಡ್ಡ ಕೆಲಸದಲ್ಲಿದ್ದರು, ಬರುವುದು ತಡವಾಗುತ್ತದೆ ಎಂದರು. ಪಕ್ಕದೂರಿನ ಈ ವೈರ್‌ಮನ್ ಬಂದು, ಬೋರ್ಡು ಬಿಚ್ಚಿ, ನೋಡುನೋಡುತ್ತಿದ್ದಂತೆ ದೀಪ ಬರಿಸಿಕೊಟ್ಟಿದ್ದ. ಕಾಫಿ ಕುಡಿಸಿ ಕಳಿಸಿದ್ದರು.

ಅವನನ್ನು ಕರೆಸಿದೆವು. ನಡುವಯಸ್ಸಿನ ಮನುಷ್ಯ, ಮೆತ್ತಗೆ ಮಾತಾಡುವವನು. ಮುಚ್ಚಳ ತೆಗೆದ ಬೋರ್ಡನ್ನೇ ನೋಡುತ್ತಾ ನಿಂತ.

"ಟೆಂಪ್ರವರಿ ಅಂತ ಯೋಳಿದ್ನಲ್ಲ ಅಣ್ಣ," ಎಂದ ಭಾವನಿಗೆ. "ಲೈನ್‌ಮನ್ ಬಂದು ಕಂಬ್ದಲ್ಲಿ ಸರಿ ಮಾಡಿದ್ ಮ್ಯಾಲೆ ಬಿಚ್ಚಿಸ್ಬುಡಿ ಅಂದಿದ್ದೆ."

ಹೇಳಿದ್ದಿರಬಹುದು. ದೀಪ ಬಂದ ಮೇಲೆ ಯಾರೂ ಲೈನ್‌ಮನ್ನನ್ನು ಮತ್ತೆ ಕರೆದಿರಲಿಲ್ಲ. ಅವನೇ ಆ ಹುರಿಯನ್ನು ಬಿಚ್ಚಿದ. ಎರಡು ತುದಿಗಳಿಗೂ ಬೇರೆ ಬೇರೆ ಟೇಪು ಸುತ್ತಿದೆವು. ಪರೀಕ್ಷೆಗೆಂದು ಮೇನ್ ಎತ್ತಿದಾಗ ಅಡುಗೆಮನೆಯ ಬಲ್ಬು ಕೆಂಡದ ಹಾಗೆ ಮಂಕಾಗಿ ಉರಿದು ಒದ್ದಾಡಿತು, ಬೇರೆ ಯಾವುದೂ ಓಡಲಿಲ್ಲ. ನಿಜವಾದ ದಾರಿ ಎಷ್ಟು ಕಿತ್ತುಹೋಗಿದೆ ಎಂಬುದು ಆಗ ಗೊತ್ತಾಯಿತು. ಮೇನ್ ಇಳಿಸಿದೆ. ಭಾವ ಕರೆಂಟ್ ಆಫೀಸಿಗೆ ಫೋನ್ ಮಾಡಿದರು, ನಾಳೆ ಬರುತ್ತೇವೆ ಎಂದು ಉತ್ತರ ಬಂತು. ಲೈನ್‌ಮನ್ ಬಂದು ಕಂಬ ನೋಡುವವರೆಗೆ ಯಾರೂ ಮೇನ್ ಮುಟ್ಟಬಾರದು ಎಂದು ಮೂವರಿಗೂ ಹೇಳಿದೆ. ಭಾವ ತಲೆಯಾಡಿಸಿದರು. ಅತ್ತಮ್ಮ ನಿಂಬೆಹಣ್ಣು ಕಟ್ಟಿದ್ದ ಬಾಗಿಲನ್ನು ನೋಡಿ, ಹಾಗಾದರೆ ಯಾರೂ ಏನೂ ಮಾಡಿಸಿರಲಿಲ್ಲವಾ ಎಂದು ಕೇಳಿದರು. ಇಲ್ಲ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ನಾನು ಹೊತ್ತಿರುವಾಗಲೇ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತರೂ ಗಾಳಿ ತಾಗಲಿಲ್ಲ. ಎಲ್ಲ ಹೇಳಿದ್ದೇನೆ, ಎಲ್ಲ ತೋರಿಸಿದ್ದೇನೆ, ಆದರೂ ಏನನ್ನೋ ಬಿಟ್ಟು ಬಂದ ಹಾಗೆನಿಸುತ್ತಿತ್ತು.

ಮರುದಿನ ಕಾರ್ಖಾನೆಯಲ್ಲಿ ಟೀ ಹೊತ್ತಿಗೆ ಅಕ್ಕನ ಫೋನು ಬಂತು. ಎತ್ತಿದೆ. ಮಾತಿಲ್ಲ. ಉಸಿರಾಟ ಕೇಳುತ್ತಿತ್ತು, ಹಿಂದೆ ಗಂಡಸರ ಗಲಾಟೆ.

"ಅಸ ಓಯ್ತು ಕಣೇ," ಎಂದಳು ಕೊನೆಗೆ. "ಕರೆಂಟು ಅತ್ತೆನೂ ಇಡ್ಕಂಡ್ಬುಡ್ತು."

ನಡೆದದ್ದನ್ನು ಆಮೇಲೆ ಒಬ್ಬೊಬ್ಬರಿಂದ ಒಂದೊಂದು ಚೂರು ಕೇಳಿ ಜೋಡಿಸಿಕೊಂಡೆ. ಬೆಳಿಗ್ಗೆ ಟ್ಯಾಂಕಿನಲ್ಲಿ ನೀರಿರಲಿಲ್ಲ. ಬೀದಿ ನಲ್ಲಿಗೂ ಆವತ್ತು ನೀರು ಬಂದಿರಲಿಲ್ಲ. ನೆಲದೊಳಗಿನ ಸಂಪಿನಲ್ಲಿ ನೀರಿತ್ತು, ಮೇಲೆತ್ತಲು ಮೋಟಾರು ಬೇಕು. ಹಿಂದಿನ ದಿನವಷ್ಟೇ ಅಂಗಳದಲ್ಲಿ ಬಕೆಟ್ಟುಗಟ್ಟಲೆ ಕುಡಿದ ಹಸು ಬೆಳಗಿನಿಂದ ಕೂಗುತ್ತಿತ್ತು. ಭಾವ ಲೈನ್‌ಮನ್ ದಾರಿ ನೋಡಿದರು. ಹಗ್ಗ ಕಟ್ಟಿ ಸಂಪಿನಿಂದ ಸೇದಬಹುದಿತ್ತು. ಬೇಗ ಡೇರಿಗೆ ಹೋಗಬೇಕು, ಗದ್ದೆಗೆ ಹೋಗಬೇಕು ಎಂಬ ಅವಸರ. ವೈರ್‌ಮನ್ ಬಿಚ್ಚಿದ್ದನ್ನು ಕಣ್ಣಾರೆ ನೋಡಿದ್ದರಿಂದ ಅದನ್ನು ಮತ್ತೆ ಸೇರಿಸುವುದು ಅವರಿಗೆ ಗೊತ್ತಿತ್ತು. ಅಪಾಯವೂ ಗೊತ್ತಿತ್ತು. ಹೆಂಡತಿಗೂ ತಾಯಿಗೂ ನಲ್ಲಿ ಮುಟ್ಟಬೇಡಿ, ಜಗುಲಿ ಮೇಲೆ ಕೂತಿರಿ, ಟ್ಯಾಂಕ್ ತುಂಬಿದ ಕೂಡಲೇ ಆಫ್ ಮಾಡುತ್ತೇನೆ ಎಂದು ಹೇಳಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಹುರಿ ಸೇರಿಸಿ, ಮೇನ್ ಎತ್ತಿ, ಮೋಟಾರು ಹಾಕಿದರು. ಮನುಷ್ಯರನ್ನೆಲ್ಲ ಎಚ್ಚರಿಸಿದವರಿಗೆ, ಕಬ್ಬಿಣದ ಬಳೆಗೆ ಕಬ್ಬಿಣದ ಸರಪಳಿಯಲ್ಲಿ ಕಟ್ಟಿದ್ದ ಹಸು ನೆನಪಾಗಲಿಲ್ಲ. ಅದಕ್ಕೆ ನೀರು ಬೇಕೆಂದೇ ಅವರು ಇಷ್ಟೆಲ್ಲ ಮಾಡುತ್ತಿದ್ದರು.

ಮೋಟಾರಿನ ಹೊರೆಗೆ ಕಂಬದ ಮೇಲೆ ಉಳಿದಿದ್ದ ಕೊನೆಯ ಎಳೆ ಉರಿದುಹೋಗಿರಬೇಕು. ಆಮೇಲೆ ಎಲ್ಲವೂ ಆ ಪೈಪಿನಲ್ಲೇ ಇಳಿಯಿತು. ಕೊಟ್ಟಿಗೆಯಿಂದ ಒಂದು ಕೂಗು ಬಂತಂತೆ, ಅದು ಪೂರ್ತಿಯಾಗಲೂ ಇಲ್ಲವಂತೆ, ಆಮೇಲೆ ಭಾರವಾದದ್ದು ಬಿದ್ದ ಸದ್ದು. ಭಾವ ಟ್ಯಾಂಕ್ ತುಂಬುವುದನ್ನು ನೋಡಲು ಮೇಲೆ ಹತ್ತಿದ್ದರು. ಅತ್ತಮ್ಮ ಜಗುಲಿಯಿಂದ ಎದ್ದು ಓಡಿದರು. ಹಸು ಕತ್ತು ತಿರುಚಿಕೊಂಡು ಸರಪಳಿಯಲ್ಲಿ ನೇತಾಡುತ್ತಿತ್ತು. ಕೊರಳು ಬಿಗಿದಿದೆ ಎಂದುಕೊಂಡು ಅವರು ಸರಪಳಿಗೆ ಕೈ ಹಾಕಿದರು. ಕೈ ಬಿಡಲಿಲ್ಲ. ಹಿಂದೆಯೇ ಬಂದ ಅಕ್ಕ ಅತ್ತೆಯನ್ನು ಹಿಡಿಯಲು ಹೋದವಳು ಕರೆಂಟು ಎಂದು ಹೊಳೆದು ಕೊಟ್ಟಿಗೆಯ ಹೊಸಿಲಲ್ಲೇ ನಿಂತಳು. ಅಲ್ಲಿಂದ ತಿರುಗಿ ಮನೆಯೊಳಗೆ ಓಡಿ, ಮೇನ್ ಸ್ವಿಚ್ ಇಳಿಸಿದಳು. ಅವಳು ತಿರುಗಿ ಓಡಿದ್ದರಿಂದ ಅತ್ತಮ್ಮ ಉಳಿದರು, ಅವಳೂ ಉಳಿದಳು. ಅತ್ತೆಯನ್ನು ಮುಟ್ಟದೆ ಬೆನ್ನು ಹಾಕಿ ಓಡಿದ ಆ ಗಳಿಗೆಯ ಬಗ್ಗೆ ಅವಳು ಈಗಲೂ ನಿದ್ದೆಯಲ್ಲಿ ಮಾತಾಡುತ್ತಾಳಂತೆ.

ನಾನು ನರಸೀಪುರದ ಆಸ್ಪತ್ರೆಗೆ ಹೋದಾಗ ಅತ್ತಮ್ಮನನ್ನು ಮಂಚದ ಮೇಲೆ ಮಲಗಿಸಿದ್ದರು. ಬಲ ಅಂಗೈಯಲ್ಲಿ ಸರಪಳಿಯ ಕೊಂಡಿಗಳು ಒಂದರ ಪಕ್ಕ ಒಂದು ಬೆಳ್ಳಗೆ ಸುಟ್ಟು ಮೂಡಿದ್ದವು. ಎದೆಯ ಬಡಿತ ನೋಡಬೇಕೆಂದು ಡಾಕ್ಟರು ಇರಿಸಿಕೊಂಡಿದ್ದರು. ಪಕ್ಕದಲ್ಲಿದ್ದ ಯಂತ್ರದಿಂದ ಬಂದ ವೈರುಗಳನ್ನು ನರ್ಸು ಎದೆಗೆ ಅಂಟಿಸಲು ಬಂದಾಗ ಅವರು ಮಗುವಿನ ಹಾಗೆ ಮುದುಡಿಕೊಂಡರು. ಬೇಡ ಬೇಡ ಎಂದು ಕೈ ಮುಗಿದರು. ನಾನು ಆ ವೈರುಗಳನ್ನು ಮೊದಲು ನನ್ನ ಕೈಗೆ ಅಂಟಿಸಿಕೊಂಡು ತೋರಿಸಿದ ಮೇಲೆ ಬಿಟ್ಟರು.

ಭಾವ ಆಸ್ಪತ್ರೆಯ ಹೊರಗೆ ಮೆಟ್ಟಿಲಲ್ಲಿ ಕೂತಿದ್ದರು. ಬೆಳಗಿನ ರಬ್ಬರ್ ಚಪ್ಪಲಿ ಕಾಲಲ್ಲೇ ಇತ್ತು. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ.

"ನೀನು ಯೋಳೋದು ಯೋಳಿದ್ದೆ ಕಣಮ್ಮಿ," ಎಂದರು. "ಕುಡೀಲಿ ಪಾಪ ಅನ್ಕಂಡೆ."

ನಾನು ಅವರ ಪಕ್ಕ ಕೂತೆ.

ಲೈನ್‌ಮನ್ ಆವತ್ತೇ ಮಧ್ಯಾಹ್ನ ಬಂದಿದ್ದ. ಕಂಬ ಹತ್ತಿ ಇಳಿದು, ಕತ್ತರಿಸಿ ತಂದ ವೈರಿನ ತುದಿಯನ್ನು ಅಂಗೈಯಲ್ಲಿಟ್ಟು ತೋರಿಸಿದನಂತೆ. ಎಳೆಗಳೆಲ್ಲ ಕರಿಕಾಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಹೊಸ ವೈರು ಎಳೆದು ಹೋದ. ಹಸುವನ್ನು ಜೆಸಿಬಿ ತರಿಸಿ ಗದ್ದೆಯ ಮೂಲೆಯಲ್ಲಿ ಹೂತರು. ನಾನು ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ನಂಜನಗೂಡಿನಿಂದ ಕಳಿಸಿ, ಕೊಟ್ಟಿಗೆಯಿಂದ ದೂರಕ್ಕೆ ಹೊಸ ಅರ್ಥಿಂಗ್ ಗುಂಡಿ ತೋಡಿಸಿ, ಟ್ರಿಪ್ ಸ್ವಿಚ್ಚನ್ನು ಸರಿಯಾಗಿ ಕೂರಿಸಿದೆ. ಮೇನ್ ಎತ್ತಿದಾಗ ಮನೆಯ ದೀಪಗಳೆಲ್ಲ ನೆಟ್ಟಗೆ ಉರಿದವು. ಮಿಕ್ಸಿ ತಿರುಗಿತು. ಫ್ರಿಜ್ಜು ತಣ್ಣಗಾಯಿತು. ಸೆಟ್‌ಟಾಪ್ ಬಾಕ್ಸ್ ಒಮ್ಮೆಯೂ ನಿಲ್ಲಲಿಲ್ಲ. ಸ್ಟೆಬಿಲೈಸರ್ ಸದ್ದಿಲ್ಲದೆ ಕೂತಿತು. ಅವುಗಳಲ್ಲಿ ಯಾವುದೂ ಕೆಟ್ಟಿರಲೇ ಇಲ್ಲ. ನಾವು ಒಂದೊಂದರ ಬಾಯಿ ಮುಚ್ಚಿಸುತ್ತಾ ಬಂದಿದ್ದೆವು, ಅಷ್ಟೆ.

ಅತ್ತಮ್ಮ ಮನೆಗೆ ಬಂದರು. ಕೈ ಮಾಗಿತು. ಆದರೆ ಅವರು ನಲ್ಲಿ ತಿರುಗಿಸುವುದಿಲ್ಲ, ಸ್ವಿಚ್ ಒತ್ತುವುದಿಲ್ಲ, ಸ್ಟೀಲ್ ಲೋಟವನ್ನು ಸೆರಗಿನಲ್ಲಿ ಹಿಡಿಯುತ್ತಾರೆ. ಈಗ ನಾಟಿ ಹಸು ತೊಟ್ಟಿಯಲ್ಲಿ ನೀರು ಕುಡಿಯುತ್ತದೆ. ಅವರು ಅದನ್ನು ದೂರ ನಿಂತು ನೋಡುತ್ತಾರೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಾನು ಮತ್ತೆ ಸೋಸಲೆಗೆ ಹೋಗಿದ್ದ ಒಂದು ದಿನ ವೈರ್‌ಮನ್ ಬಂದ. ಅತ್ತಮ್ಮನನ್ನು ನೋಡಲು ಬಂದಿದ್ದ. ಬೇವಿನ ಮರದಡಿ ನಿಂತವನು ಒಳಗೆ ಬರಲಿಲ್ಲ, ಅಕ್ಕ ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಭಾವ ಅವನನ್ನು ಬೈಯಬಹುದು ಎಂದು ನಾನು ಕಾದೆ, ಅವರು ಬೈಯಲಿಲ್ಲ. ನನ್ನ ಮನಸ್ಸಿನಲ್ಲಿ ಹಲವು ದಿನಗಳಿಂದ ಒಂದು ಪ್ರಶ್ನೆ ಇತ್ತು. ಕೇಳಲು ಧೈರ್ಯ ಬಂದಿರಲಿಲ್ಲ. ಆಗ ಕೇಳಿದೆ: ಆ ಗಾಳಿಮಳೆಯ ಕಾಲದಲ್ಲಿ ಇನ್ನೂ ಯಾರ ಯಾರ ಮನೆಗಳಲ್ಲಿ ಹೀಗೆ ಎರಡು ವೈರು ಸೇರಿಸಿ ದೀಪ ಬರಿಸಿದ್ದೀರಿ?

ಅವನು ಹೆಗಲ ಟವಲು ತೆಗೆದು ಮುಖ ಒರೆಸಿಕೊಂಡ.

"ಎಲ್ರೂ ಕತ್ಲಲ್ಲಿದ್ರು ಕಣಕ್ಕ," ಎಂದ. "ಕರ್ದ್ ಕಡೀಕೆಲ್ಲ ಓಗಿದ್ದೆ. ಯಾವ್ಯಾವ್ ಮನೆ ಅಂತ ಎಲ್ಲ ನೆಪ್ಪಿಲ್ಲ."

ಮುಂದಿನ ಭಾನುವಾರದಿಂದ ನಾವು ಮೂವರು ಹೊರಟೆವು. ವೈರ್‌ಮನ್ ಒಂದು ಬೈಕಿನಲ್ಲಿ, ಭಾವನ ಹಿಂದೆ ನಾನು. ನೆನಪಿದ್ದ ಮನೆಗಳಿಗೆ ಮೊದಲು. ಕೆಲವು ಕಡೆ ಲೈನ್‌ಮನ್ ಬಂದು ಕಂಬ ಸರಿಮಾಡಿದ್ದ, ಬೋರ್ಡಿನೊಳಗಿನ ಹುರಿ ಮಾತ್ರ ಹಾಗೇ ಇತ್ತು, ಬಿಚ್ಚಿದೆವು. ಒಂದು ಮನೆಯಲ್ಲಿ ಕಂಬವೂ ಸರಿಯಾಗಿರಲಿಲ್ಲ. ಅಲ್ಲಿಯ ಹೆಂಗಸು ಏನೂ ತೊಂದರೆ ಇಲ್ಲವೆಂದಳು, ಮಗುವಿಗೆ ಸ್ನಾನ ಮಾಡಿಸುವಾಗ ಮಾತ್ರ ಅದು ಯಾಕೋ ನಲ್ಲಿಯ ಹತ್ತಿರ ಹೋದರೆ ಕಿರುಚುತ್ತದೆ, ನೀರಿನ ಭಯ ಎಂದಳು. ನಾನು ಮೀಟರು ಹಿಡಿದು ನೋಡಿದೆ. ಅಂಕಿಯನ್ನು ಅವಳಿಗೆ ಹೇಳದೆ ಮೇನ್ ಇಳಿಸಿದೆ, ಲೈನ್‌ಮನ್ ಬರುವವರೆಗೆ ಅಲ್ಲೇ ಕೂತೆವು. ಇನ್ನೊಂದು ಮನೆಯವರು ನಮ್ಮನ್ನು ಒಳಗೇ ಬಿಡಲಿಲ್ಲ. ಕರೆಂಟು ಚೆನ್ನಾಗಿ ಬರುತ್ತಿದೆ, ಮುಟ್ಟಿ ಕೆಡಿಸಬೇಡಿ ಎಂದು ಬಾಗಿಲಲ್ಲೇ ನಿಂತರು. ಭಾವ ಹಸುವಿನ ಕತೆ ಹೇಳಿದರು. ಬೀದಿಯಲ್ಲಿ ಸೇರಿದ್ದ ಅಷ್ಟು ಜನರ ಮುಂದೆ, ತಾನೇ ಮೋಟಾರು ಹಾಕಿದ್ದು ಎನ್ನುವುದನ್ನೂ ಬಿಡದೆ ಹೇಳಿದರು. ಆಮೇಲೆ ಒಳಗೆ ಬಿಟ್ಟರು.

ನೆನಪಿದ್ದ ಮನೆಗಳು ಮುಗಿದ ಮೇಲೆ ಮೂಗೂರಿನ ದಾರಿಯಲ್ಲಿ, ಕವಲು ರಸ್ತೆಯೊಂದರ ಹತ್ತಿರ ವೈರ್‌ಮನ್ ಬೈಕು ನಿಲ್ಲಿಸಿದ. ಒಳಗಡೆ ಒಂದು ಸಣ್ಣ ಊರು ಕಾಣುತ್ತಿತ್ತು. ಅಲ್ಲಿಗೂ ಬಂದಿದ್ದೆ ಎನ್ನುವುದು ನೆನಪಿದೆ, ಮಳೆ ಸುರಿಯುತ್ತಿತ್ತು, ಕತ್ತಲಿತ್ತು, ಮನೆಯ ಗುರುತು ಮಾತ್ರ ಸಿಗುತ್ತಿಲ್ಲ ಎಂದ. ಏನಾದರೂ ನೆನಪು ಮಾಡಿಕೊ ಎಂದರು ಭಾವ. ಅವನು ಕಣ್ಣು ಮುಚ್ಚಿ ನಿಂತ.

"ಬಾಗ್ಲಲ್ಲಿ ಒಂದ್ ಕರ ಕಟ್ಟಿದ್ರು ಅಣ್ಣ," ಎಂದ. "ಅಷ್ಟೇ ನೆಪ್ಪಿರೋದು."

ನಾವು ಊರೊಳಗೆ ಹೋದೆವು. ಹೆಚ್ಚುಕಡಿಮೆ ಎಲ್ಲ ಮನೆಗಳ ಬಾಗಿಲಲ್ಲೂ ದನವೋ ಕರುವೋ ಕಟ್ಟಿತ್ತು. ನಾನು ಚೀಲದಿಂದ ಮೀಟರು ತೆಗೆದೆ. ಮೊದಲ ಮನೆಯ ಜಗುಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಮುದುಕಿಯ ಹತ್ತಿರ ಭಾವ ಹೋಗಿ, ನಿಮ್ಮ ಮನೆಯಲ್ಲಿ ನಲ್ಲಿ ಮುಟ್ಟಿದರೆ ಏನಾದರೂ ಆಗುತ್ತದೆಯೇ ಎಂದು ವಿಚಾರಿಸಿದರು.